ಎಲೆಮನೆಯ ಕಿಟಕಿ

"ತುಳೀಬೇಡಿ, ತುಳೀಬೇಡಿ, ಒಂದು ನಿಮಿಷ ಅಲ್ಲೇ ನಿಲ್ಲಿ" ಎಂದು ಅವಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

ಸ್ಟ್ರೆಚರ್ ಹೊತ್ತವರು ಹೊಸ್ತಿಲಾಚೆ ಹಾಗೇ ನಿಂತುಬಿಟ್ಟರು. ಮುಂದಿದ್ದವನು ಒಳಗಿಡಲು ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಆಸ್ಪತ್ರೆಯ ಗಾಡಿಯವನಾದ್ದರಿಂದ ಬಾಗಿಲಿಗೆ ಹೆಣ ಬಂದಾಗ ಮನೆಯವರು ಅಳುವುದು, ಬೀಳುವುದು, ಬೈಯುವುದು ಎಲ್ಲ ಅವನಿಗೆ ಗೊತ್ತಿತ್ತು. ಒಳಗೆ ಬರಬೇಡಿ ಎಂದವರನ್ನು ಅವನು ಕಂಡಿರಲಿಲ್ಲ.

ಹಾಲ್‌ನ ನೆಲದ ತುಂಬ ಎಲೆ. ಗೋಡೆಯಿಂದ ಗೋಡೆಗೆ ಹಳೆಯ ಪತ್ರಿಕೆ ಹಾಸಿ, ಒಂದರ ಮೇಲೊಂದು ಬೀಳದ ಹಾಗೆ ಹಸಿ ಎಲೆ ಹರಡಿತ್ತು. ನಿನ್ನೆ ಬೆಳಿಗ್ಗೆ ಅವಳ ಗಂಡ, ಮೇಷ್ಟ್ರು, ಹಿತ್ತಿಲ ಬೇಲಿಯಿಂದ ಕಿತ್ತ ಎಲೆ. ಬುಟ್ಟಿ ತುಂಬುವ ಹೊತ್ತಿಗೆ ಎದೆ ಹಿಡಿದುಕೊಂಡು ಬಿದ್ದಿದ್ದರು. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಸಂಜೆ ಅವಳನ್ನು ಮನೆಗೆ ಕರೆತಂದು ಬಿಟ್ಟಾಗ ಬುಟ್ಟಿ ಇನ್ನೂ ಬೇಲಿಯ ಬುಡದಲ್ಲೇ ಇತ್ತು. ಬುಟ್ಟಿಯಲ್ಲೇ ಬಿಟ್ಟರೆ ಎಲೆ ಬೆವೆತು ಕಪ್ಪಾಗುತ್ತದೆ. ಅವಳು ಅಳುತ್ತಲೇ ಪತ್ರಿಕೆ ಹಾಸಿದಳು, ಅಳುತ್ತಲೇ ಎಲೆ ಹರಡಿದಳು. ಬೆಳಗಾದರೆ ಅದೇ ಜಾಗದಲ್ಲಿ ಅವರನ್ನು ಮಲಗಿಸಬೇಕು ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

"ಏನೇ ಇದು ಅವತಾರ" ಎಂದರು ದೊಡ್ಡಕ್ಕ. ಮೇಷ್ಟ್ರ ಅಕ್ಕ ಅವರು. ಬೆಳಗಿನ ಬಸ್ಸಿಗೆ ಬಂದಿಳಿದು, ಇಳಿದ ಗಳಿಗೆಯಿಂದ ಮನೆಯ ಯಜಮಾನಿಕೆ ತೆಗೆದುಕೊಂಡಿದ್ದರು. "ನನ್ನ ತಮ್ಮ ಹೊರಗೆ ಕಾಯ್ತಾ ಇದಾನಲ್ಲೇ."

"ಕಾಯ್ತಾರೆ ಬಿಡಿ. ಎಲೆಗೋಸ್ಕರ ಅಂದ್ರೆ ಎಷ್ಟು ಹೊತ್ತಾದ್ರೂ ಕಾಯ್ತಾರೆ" ಎಂದಳು ಪಕ್ಕದ ಮನೆಯ ಟೈಲರಮ್ಮ. ಅದು ತಮಾಷೆಯೋ ದುಃಖವೋ ತಿಳಿಯದೆ ಯಾರೂ ನಗಲಿಲ್ಲ.

ಶಿಷ್ಯೆ ಆಗಲೇ ಮಂಡಿಯೂರಿ ಎಲೆ ಬಾಚತೊಡಗಿದ್ದಳು. ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯರಲ್ಲಿ ಇವಳು ಕೊನೆಯವಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು, ಆದರೂ ಎಲೆ ನಲುಗದ ಹಾಗೆ ಬೆರಳಾಡಿಸುವುದನ್ನು ಮರೆತಿರಲಿಲ್ಲ. "ಅಮ್ಮ, ಬೆಡ್‌ಶೀಟ್ ಕೊಡಿ" ಎಂದಳು. ಇಬ್ಬರೂ ಸೇರಿ ಎಲೆಯನ್ನೆಲ್ಲ ಬೆಡ್‌ಶೀಟಿಗೆ ತುಂಬಿ, ನಾಲ್ಕು ಮೂಲೆ ಹಿಡಿದು ಮಲಗುವ ಕೋಣೆಗೆ ಒಯ್ದು, ಮಂಚದ ಪಕ್ಕ ರಾಶಿ ಸುರಿದರು. ಆಮೇಲೆ ಮೇಷ್ಟ್ರು ತಮ್ಮ ಮನೆಯ ಒಳಗೆ ಬಂದರು.

ಜನ ಬರತೊಡಗಿದರು. ಹೊರಗೆ ಒಳ್ಳೆಯ ಬಿಸಿಲಿತ್ತು. ಒಳಗೆ ಕಾಲಿಟ್ಟವರು ಎದುರಿಗಿರುವುದು ಕಾಣದೆ ಬಾಗಿಲಲ್ಲೇ ನಿಂತು, ಕಣ್ಣು ಹೊಂದಿಕೊಂಡ ಮೇಲೆ ಮುಂದೆ ಬರುತ್ತಿದ್ದರು. ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿತ್ತು, ಅದರ ಮೇಲೆ ದಪ್ಪ ಪರದೆ. ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಮನೆ ಅದು. ಬೀದಿಯವರಿಗೆ ಇದು ಹೊಸದೇನಲ್ಲ. ಈ ಮನೆಗೆ ಅವರಿಟ್ಟ ಹೆಸರೇ ಎಲೆಮನೆ, ಅವಳು ಎಲೆಮನೆಯಮ್ಮ. ತರಕಾರಿಯವನಿಂದ ಹಿಡಿದು ಡಾಕ್ಟರ ತನಕ ಎಲ್ಲರ ಬಾಯಲ್ಲೂ ಅದೇ.

"ಉಸಿರು ಕಟ್ಟುತ್ತಪ್ಪ. ಆ ಕಿಟಕಿ ತೆಗೀರಿ ಯಾರಾದ್ರೂ" ಎಂದ ದೂರದಿಂದ ಬಂದ ನೆಂಟನೊಬ್ಬ.

ಮೇಷ್ಟ್ರ ತಲೆಯ ಹತ್ತಿರ ಕೂತಿದ್ದ ಅವಳು ತಟ್ಟನೆ ಮುಖವೆತ್ತಿದಳು. ಈ ಬೆಳಿಗ್ಗೆ ಎಚ್ಚರವಾದಾಗ ಗಂಡ ಸತ್ತದ್ದು ನೆನಪಾಗುವುದಕ್ಕೂ ಮುಂಚೆ ಅವಳಿಗೆ ಬಂದ ಯೋಚನೆ ಒಂದೇ: ಇನ್ನು ಕಿಟಕಿ ತೆಗೆಯಬಹುದು. ಆಮೇಲೆ ಎಲ್ಲ ನೆನಪಾಗಿ, ನಾನೆಂಥ ಹೆಂಗಸು ಎಂದು ನಾಚಿ, ದಿಂಬಿಗೆ ಮುಖವೊತ್ತಿ ಅತ್ತಿದ್ದಳು. ಆದರೆ ಬಂದ ಯೋಚನೆ ಹೋಗಿರಲಿಲ್ಲ.

"ಬೇಡ ಸರ್, ದಯವಿಟ್ಟು" ಎಂದು ಶಿಷ್ಯೆ ಎದ್ದುನಿಂತಳು. "ಗೋಡೆ ಪಕ್ಕದ ತಟ್ಟೆಗಳಲ್ಲಿ ಅರ್ಧ ಒಣಗಿರೋ ಎಲೆ ಇದೆ. ಬಿಸಿಲು ತಾಗಿದ್ರೆ ಹಾಳಾಗುತ್ತೆ. ನನ್ನ ಥೀಸಿಸ್‌ಗೆ ಇದೇ ಕೊನೇ ಕೊಯ್ಲು."

"ಅವನಿದ್ದಾಗ ತೆಗೀದ ಕಿಟಕೀನ ಇವತ್ತು ಅವನ ಕಣ್ಣೆದುರೇ ತೆಗೀಬೇಕಾ?" ಎಂದರು ದೊಡ್ಡಕ್ಕ. ಮೇಷ್ಟ್ರ ಕಣ್ಣು ಮುಚ್ಚಿತ್ತು ಎಂದು ಯಾರೂ ಹೇಳಹೋಗಲಿಲ್ಲ. "ಫ್ಯಾನ್ ಜೋರು ಮಾಡಿ, ಸಾಕು."

"ಫ್ಯಾನ್ ಬೇಡ, ಎಲೆ ಹಾರುತ್ತೆ."

ಹೀಗೆಂದದ್ದು ಅವಳೇ. ಬಾಯಿಂದ ಬಂದ ಮೇಲೆ ಅವಳಿಗೆ ಕೇಳಿಸಿತು.

ಮೂಲೆಯಲ್ಲಿ ಯಾರೋ ಪಿಸುಗುಟ್ಟಿದರು. "ದಿನಾ ಎಲೆ ರಸ ಕುಡೀತಿದ್ರಂತೆ. ಮುಪ್ಪೇ ಬರಲ್ಲ ಅಂತಿದ್ರಂತೆ. ಆದ್ರೂ ನೋಡಿ."

"ಒಂದು ತೊಟ್ಟು ಕುಡಿದವರಲ್ಲ" ಎಂದಳು ಟೈಲರಮ್ಮ, ಪಿಸುಗುಟ್ಟದೆ. "ನಾನೇ ಹೋಗಿ ಕೇಳಿದ್ದೆ, ಮುಖದ ಸುಕ್ಕಿಗೆ ಒಂದು ಲೋಟ ಕೊಡಿ ಅಂತ. ಗಾಜಿನ ಕೊಳವೇಲಿ ಬಣ್ಣ ತಿರುಗೋದು ಬೇರೆ, ನಿನ್ನ ಮೈಯಲ್ಲಿ ಆಗೋದು ಬೇರೆ, ಅದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ಕೊಡಲ್ಲ ಅಂತ ಬೈದು ಕಳಿಸಿದ್ರು. ಸುಳ್ಳು ಹೇಳೋಕೆ ಬರ್ತಿರಲಿಲ್ಲ ಆ ಮನುಷ್ಯನಿಗೆ."

ಅದು ನಿಜ. ಸುಳ್ಳು ಹೇಳುವ ಗಂಡನಾಗಿದ್ದರೆ ಜಗಳವಾಡುವುದು ಸುಲಭವಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಮೇಷ್ಟ್ರು ಅವಳನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಬೇರೆಯವರು ಹೊಸ ಹೆಂಡತಿಯನ್ನು ಸಿನಿಮಾಕ್ಕೋ ಹೋಟೆಲಿಗೋ ಕರೆದೊಯ್ಯುತ್ತಾರೆ. ಇವರ ಹತ್ತಿರ ತೋರಿಸಲು ಇದ್ದದ್ದು ಇದೇ. ಎತ್ತರದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಫಾಯಿಲ್ ಸುತ್ತಿದ ಬಾಟಲಿಯಿಂದ ಗಾಜಿನ ಕೊಳವೆಗೆ ಏನೋ ಸುರಿದರು. ಕಡು ನೇರಳೆ ಬಣ್ಣ. ಅಂಥ ಬಣ್ಣದ ಸೀರೆ ಸಿಕ್ಕಿದರೆ ಎಷ್ಟು ಚೆನ್ನ ಎಂದುಕೊಂಡಳು.

"ಇವನು ಪುಂಡ" ಎಂದರು ಮೇಷ್ಟ್ರು. "ಇವನಲ್ಲಿ ಏನೋ ಒಂದು ಕೊರತೆ. ಅದನ್ನ ಯಾರ ಹತ್ರನಾದ್ರೂ ಕಿತ್ಕೊಳ್ಳೋಕೆ ಕಾಯ್ತಿರ್ತಾನೆ. ನಮ್ಮ ಮೈಯೊಳಗೂ ಇಂಥ ಪುಂಡರಿರ್ತಾರೆ. ಈಗ ನೋಡು."

ಇನ್ನೊಂದು ಬಾಟಲಿಯಿಂದ ಹಸಿರು ಹನಿ ಬಿಟ್ಟರು. ಬೇಲಿ ಗಿಡದ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸೋಸಿದ ಸಾರ. ಅವಳು ನೋಡುತ್ತಿದ್ದಂತೆ ನೇರಳೆ ಮಾಸಿತು, ತೆಳುವಾಯಿತು, ಹಳದಿಯಾಗಿ ನಿಂತಿತು.

"ಎಲೆಯಲ್ಲಿ ಫ್ಲೇವನಾಯ್ಡ್ ಅಂತ ಇದೆ. ಅದು ತನ್ನ ಹತ್ರ ಇರೋದನ್ನ ತಾನೇ ಕೊಟ್ಟುಬಿಡುತ್ತೆ. ಪುಂಡ ತಣ್ಣಗಾಗ್ತಾನೆ."

"ಕೊಟ್ಟ ಮೇಲೆ ಅದರ ಗತಿ?"

ಮೇಷ್ಟ್ರು ಕೊಳವೆಯನ್ನು ಬೆಳಕಿಗೆ ಹಿಡಿದರು. ಅವರನ್ನು ಈ ಪ್ರಶ್ನೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. "ಅದರ ಕೆಲಸ ಆಯ್ತಲ್ಲ" ಎಂದರು.

"ಗಿಡ ಇದನ್ನ ನಮಗೋಸ್ಕರ ಮಾಡುತ್ತಾ?"

"ನಮಗೋಸ್ಕರ ಯಾಕೆ ಮಾಡುತ್ತೆ? ಬಿಸಿಲಿಗೋಸ್ಕರ. ನಾವಾದ್ರೆ ಬಿಸಿಲು ಜಾಸ್ತಿ ಆದ್ರೆ ಒಳಗೆ ಓಡ್ತೀವಿ. ಎಲೆ ಎಲ್ಲಿಗೆ ಓಡುತ್ತೆ? ತನ್ನನ್ನ ಕಾಪಾಡ್ಕೊಳ್ಳೋಕೆ ಇದನ್ನ ಮಾಡ್ಕೊಳ್ಳುತ್ತೆ. ಬಿಸಿಲಲ್ಲಿ ಬೆಳೆದ ಎಲೆಯಲ್ಲಿ ಜಾಸ್ತಿ, ನೆರಳಲ್ಲಿ ಬೆಳೆದದ್ರಲ್ಲಿ ಕಮ್ಮಿ. ಕಿತ್ತ ಮೇಲೆ ಮಾತ್ರ ಅದೇ ಬಿಸಿಲು ಅದಕ್ಕೆ ಶತ್ರು."

ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಅವಳಿಗೆ ಆ ಸಂಜೆ ಗಂಡನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು. ಅದಕ್ಕೇ ಮಾರನೆಯ ವಾರ ಅವರು, "ಕಾಲೇಜಲ್ಲಿ ನೆರಳಿರೋ ಕೋಣೆ ಒಂದೂ ಇಲ್ಲ, ನಮ್ಮ ಹಿಂದಿನ ಕೋಣೇಲಿ ಸ್ವಲ್ಪ ದಿನ ಎಲೆ ಒಣಗಿಸ್ಲಾ?" ಎಂದು ಕೇಳಿದಾಗ ಅವಳೇ ಓಡಿಹೋಗಿ ಕಿಟಕಿ ಮುಚ್ಚಿದಳು.

ಹಿಂದಿನ ಕೋಣೆ ಆದಮೇಲೆ ಊಟದ ಜಾಗ, ಆಮೇಲೆ ಹಾಲ್. ಗಿಡ ಚಿಗುರಿದಾಗ ಒಂದು ಕೊಯ್ಲು, ಹೂ ಬಿಟ್ಟಾಗ ಒಂದು, ಹೂ ಉದುರಿದ ಮೇಲೆ ಇನ್ನೊಂದು. ಯಾವ ಕಾಲದ ಎಲೆಯಲ್ಲಿ ಎಷ್ಟಿದೆ ಎಂದು ನೋಡಬೇಕಲ್ಲ. ಮೇಷ್ಟ್ರು ಕಾಲೇಜಿಗೆ ಹೋದ ಮೇಲೆ ಎಲೆ ತಿರುವಿಹಾಕುವವರು ಯಾರು? "ನೀವು ಹೋಗಿ, ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಅವಳ ಸಂಸಾರದ ಅರ್ಧ ಮಾತು ಇದೇ ಆಗಿತ್ತು.

*

ವಿಭಾಗದ ಮುಖ್ಯಸ್ಥರು ಬಂದಾಗ ಎಲ್ಲರೂ ಸರಿದು ಜಾಗ ಬಿಟ್ಟರು. ಮೇಷ್ಟ್ರ ಹಳೆಯ ವಿದ್ಯಾರ್ಥಿಯೇ ಅವರು. ಹೂ ಇಟ್ಟು, ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಅವಳ ಮುಂದೆ ನೆಲದ ಮೇಲೆಯೇ ಕೂತರು.

"ನೀವು ಯಾವುದಕ್ಕೂ ಚಿಂತೆ ಮಾಡ್ಬೇಡಿ ಅಮ್ಮ. ಸರ್ ಕೆಲಸ ನಿಲ್ಲಲ್ಲ. ಈ ಹುಡುಗಿ ಮುಗಿಸ್ತಾಳೆ, ಅವಳಾದ್ಮೇಲೆ ಇನ್ನೊಬ್ಬರು ಬರ್ತಾರೆ. ಇಂಥ ಒಣಗಿಸೋ ಜಾಗ ನಮ್ಮ ಕಾಲೇಜಲ್ಲಿ ಇವತ್ತಿಗೂ ಇಲ್ಲ. ಈ ಮನೆ ಹೀಗೇ ಇರ್ಬೇಕು ಅನ್ನೋದು ನಮ್ಮೆಲ್ಲರ ಆಸೆ. ಬಾಗಿಲಿಗೆ ಸರ್ ಹೆಸರಿನ ಫಲಕ ಹಾಕ್ಸೋಣ."

"ನಾನು..." ಎಂದಳು ಅವಳು.

"ನೀವೇನೂ ಮಾಡ್ಬೇಕಾಗಿಲ್ಲ. ಹೇಗಿದ್ದೀರೋ ಹಾಗೇ ಇದ್ರೆ ಸಾಕು."

"ಅದಕ್ಕೇನಂತೆ" ಎಂದರು ದೊಡ್ಡಕ್ಕ. ಅವರ ಕಣ್ಣಲ್ಲಿ ನೀರಿತ್ತು. "ಅವಳಿಗೂ ಹೊತ್ತು ಹೋಗುತ್ತೆ. ಇಲ್ದಿದ್ರೆ ಒಬ್ಬಳೇ ಇಷ್ಟು ದೊಡ್ಡ ಮನೇಲಿ ಏನು ಮಾಡ್ತಾಳೆ ಪಾಪ."

ಶಿಷ್ಯೆ ಅವಳ ಕೈ ಹಿಡಿದುಕೊಂಡು, "ಥ್ಯಾಂಕ್ಸ್ ಅಮ್ಮ" ಎಂದಳು. ಆ ಹುಡುಗಿ ಈ ಒಂದು ಪದವಿಗಾಗಿ ಮದುವೆಯನ್ನೂ ಮುಂದೂಡಿಕೊಂಡು ಬಂದವಳು. ಎಲೆಮನೆಯಮ್ಮನಿಗೆ ಯಾರ ಮುಖ ನೋಡಿದರೂ ಒಳ್ಳೆಯತನವೇ ಕಂಡಿತು. ಬೈಯಲು ಒಬ್ಬ ಕೆಟ್ಟವನಾದರೂ ಈ ಮನೆಯಲ್ಲಿ ಬೇಕಿತ್ತು. ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಯಾರೂ ಕೇಳಲಿಲ್ಲ, ಎಲ್ಲರೂ ಹೌದೆಂದೇ ತಿಳಿದರು.

*

ಹಿಂದೊಮ್ಮೆ ಅವಳು ಮಂಡಿನೋವೆಂದು ಡಾಕ್ಟರ ಹತ್ತಿರ ಹೋದಾಗ ಅವರು ರಕ್ತ ಪರೀಕ್ಷೆ ಮಾಡಿಸಿ, "ಎಲೆಮನೆಯಮ್ಮ, ನಿಮ್ಮ ಮೂಳೆಗೆ ಬಿಸಿಲೇ ಬಿದ್ದಿಲ್ಲ. ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳ್ಳಿ" ಎಂದಿದ್ದರು. ಮೇಷ್ಟ್ರಿಗೆ ಎಷ್ಟು ಬೇಸರವಾಯಿತೆಂದರೆ ದಾರಿಯಲ್ಲೇ ಔಷಧದಂಗಡಿಗೆ ನುಗ್ಗಿ ಅದಕ್ಕೆ ಬೇಕಾದ ಮಾತ್ರೆಯ ಡಬ್ಬಿ ಕೊಂಡರು. ಬಿಸಿಲನ್ನೂ ಮಾತ್ರೆ ಮಾಡಿ ಮನೆಯೊಳಗೇ ತಂದುಕೊಟ್ಟರಲ್ಲ ಎಂದು ಟೈಲರಮ್ಮ ವಾರಗಟ್ಟಲೆ ನಕ್ಕಳು. ಟೈಲರಮ್ಮನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಬಿಚ್ಚಿ ಹೊಲಿಯುವ ಅಗತ್ಯವೇ ಇಲ್ಲದ ರವಿಕೆಗಳನ್ನು ಹಿಡಿದುಕೊಂಡು ಎಲೆಮನೆಯಮ್ಮ ಆಗಾಗ ಅಲ್ಲಿ ಹೋಗಿ ಕೂರುತ್ತಿದ್ದಳು.

"ಮಲಗೋ ಕೋಣೆ ಕಿಟಕಿ ಒಂದಾದ್ರೂ ತೆಗೀರೀ" ಎಂದು ಗಂಡನನ್ನು ಕೇಳಿದಳು ಒಮ್ಮೆ.

ಅಲ್ಲೂ ಮಂಚದ ಕೆಳಗೆ, ಬೀರುವಿನ ಮೇಲೆ ಎಲೆಯ ತಟ್ಟೆಗಳಿದ್ದವು. ಮೇಷ್ಟ್ರು ಆ ಭಾನುವಾರ ಗುದ್ದಲಿ ಹಿಡಿದು ಕಿಟಕಿಯ ಹೊರಗೆ ಅದೇ ಬೇಲಿ ಗಿಡದ ಸಸಿ ನೆಟ್ಟರು. "ಇದು ಇಷ್ಟೆತ್ತರ ಬರ್ಲಿ. ಆಮೇಲೆ ಕಿಟಕಿ ತೆಗೆದ್ರೂ ಒಳಗೆ ಬರೀ ನೆರಳು ಬೆಳಕು. ಎಲೆಗೂ ತೊಂದರೆ ಇಲ್ಲ, ನಿನಗೂ ಹಸಿರು ಕಾಣುತ್ತೆ" ಎಂದರು. ಬೆವರು ಒರೆಸಿಕೊಳ್ಳುತ್ತ ಅವಳು ಏನೆನ್ನುತ್ತಾಳೋ ಎಂದು ನೋಡಿದರು. ಅವಳಿಗಾಗಿ ಅವರು ಮಾಡಿದ ದೊಡ್ಡ ಕೆಲಸ ಅದು. ಅವಳು ನಕ್ಕಳು. ಗಿಡ ಎತ್ತರ ಬರುವ ಹೊತ್ತಿಗೆ ಕಿಟಕಿ ತೆಗೆಯುವ ಮಾತು ಇಬ್ಬರಿಗೂ ಮರೆತಂತಾಗಿತ್ತು.

ನಿವೃತ್ತಿಯಾದ ದಿನ ಹಾರ ಬಿಚ್ಚಿಟ್ಟು ಕೂತ ಮೇಷ್ಟ್ರನ್ನು ಅವಳು ಕೇಳಿದ್ದಳು. "ಕೊನೆಗೆ ಏನಂತೆ ಈ ಎಲೆ?"

"ಏನಿಲ್ಲ. ಎಲ್ಲಾ ಎಲೇಲೂ ಇದು ಇರುತ್ತೆ. ಕೆಲವು ಜಾಸ್ತಿ, ಕೆಲವು ಕಮ್ಮಿ. ನಮ್ಮದು ಮಧ್ಯದಲ್ಲಿದೆ."

"ಮಧ್ಯದಲ್ಲಿದೆ ಅನ್ನೋಕೆ ಇಷ್ಟು ವರ್ಷ ಬೇಕಾಯ್ತಾ?"

"ಮಧ್ಯದಲ್ಲಿದೆ ಅಂತ ಗೊತ್ತಾಗ್ಬೇಕಾದ್ರೂ ಯಾರಾದ್ರೂ ಕೂತು ನೋಡ್ಬೇಕಲ್ಲ" ಎಂದರು ಅವರು, ಸ್ವಲ್ಪವೂ ಬೇಸರವಿಲ್ಲದೆ.

"ನೆರಳಲ್ಲಿ ಬೆಳೆದದ್ರಲ್ಲಿ ಕಮ್ಮಿ ಅಂತಿದ್ರಿ. ಹಾಗಾದ್ರೆ ನನ್ನಲ್ಲಿ ಎಷ್ಟಿರಬಹುದು?"

ಮೇಷ್ಟ್ರು ಜೋರಾಗಿ ನಕ್ಕಿದ್ದರು. ಅವಳು ತಮಾಷೆಗೆ ಕೇಳಿರಲಿಲ್ಲ.

*

ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದು ನಿಂತಿತು. ಮೇಷ್ಟ್ರನ್ನು ಎತ್ತುವ ಮುಂಚೆ ಅವಳು ಅವರ ಕೈ ಹಿಡಿದುಕೊಂಡಳು. ಉಗುರಿನ ಸಂದಿಯಲ್ಲಿ ಎಲೆಯ ಹಸಿರು ಕರೆ ಹಾಗೇ ಇತ್ತು. ಕೈ ಮಾತ್ರ ತಣ್ಣಗಿತ್ತು. ಅತ್ತು ಸುಸ್ತಾಗಿ, ಮುಖ ತೊಳೆದುಕೊಳ್ಳಲು ಹೊರಟವಳು ಮಲಗುವ ಕೋಣೆಗೆ ಇಣುಕಿದಳು. ಹಸಿ ಎಲೆಯ ವಾಸನೆ ಕಟುವಾಗಿ ಬಂತು. ಬಾಗಿ ರಾಶಿಯ ನಡುವೆ ಕೈ ಹಾಕಿದಳು. ಒಳಗೆ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಕಂಕುಳಷ್ಟು ಬೆಚ್ಚಗೆ.

ಹಿಂದೆಯೇ ಬಂದ ಶಿಷ್ಯೆ ತಾನೂ ಕೈ ಹಾಕಿ ನೋಡಿ ಗಾಬರಿಯಾದಳು. "ಬಿಸಿಯಾಗ್ತಿದೆ ಅಮ್ಮ. ಈಗ್ಲೇ ಹರಡದಿದ್ರೆ ವಾಪಸ್ ಬರೋಷ್ಟರಲ್ಲಿ ಎಲ್ಲಾ ಕಪ್ಪಾಗಿರುತ್ತೆ. ನೀವು ಹೊರಡಿ, ನಾನು ಉಳೀತೀನಿ." ಹೇಳುತ್ತ ಹೇಳುತ್ತ ಅವಳು ರಾಶಿ ಒಡೆಯತೊಡಗಿದಳು. "ಸರ್‌ನ ಕಳಿಸೋಕೆ ನಾನು ಹೋಗ್ದಿದ್ರೂ..."

"ನೀನು ಹೋಗು. ನಾನು ನೋಡ್ಕೋತೀನಿ."

ಮಾತು ತಾನಾಗಿ ಬಂದುಬಿಟ್ಟಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಹುಡುಗಿ ಅವಳನ್ನು ತಬ್ಬಿಕೊಂಡು ಅಳತೊಡಗಿದಳು.

"ಏನಂದ್ರಿ?" ಎಂದಳು ಬಾಗಿಲಲ್ಲಿದ್ದ ಟೈಲರಮ್ಮ. "ನೀವು ಉಳೀತೀರಾ? ನೀವಾ?"

"ಇರ್ಲಿ ಬಿಡಮ್ಮ" ಎಂದರು ದೊಡ್ಡಕ್ಕ. "ಮಂಡಿ ಕೈಕೊಟ್ಟಿದೆ, ಅಲ್ಲಿ ಅಷ್ಟು ಹೊತ್ತು ನಿಲ್ಲೋಕಾಗುತ್ತಾ ಅವಳಿಗೆ? ಅವನು ಕೊನೇದಾಗಿ ಕಿತ್ತ ಎಲೆ. ಹೆಂಡತಿ ಕೈಯಲ್ಲೇ ಆಗ್ಲಿ." ಹಾಲ್‌ನಲ್ಲಿದ್ದವರಿಗೆ ಈ ಮಾತು ಬಹಳ ತಟ್ಟಿತು. ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು.

ಟೈಲರಮ್ಮ ಅವಳನ್ನೇ ನೋಡುತ್ತ ನಿಂತಿದ್ದಳು. ನಾನೂ ಬರ್ತೀನಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಲೆಮನೆಯಮ್ಮ ಹಳೆಯ ಪತ್ರಿಕೆಯ ಕಟ್ಟಿಗೆ ಕೈ ಚಾಚಿದಳು.

ಗಾಡಿ ಹೊರಟ ಸದ್ದು ಬೀದಿಯ ತಿರುವಿನಲ್ಲಿ ಕರಗಿದ ಮೇಲೆ ಮನೆಯಲ್ಲಿ ಉಳಿದದ್ದು ಟ್ಯೂಬ್‌ಲೈಟಿನ ಗುಂಯ್ ಸದ್ದು ಮಾತ್ರ. ಅವಳು ಪತ್ರಿಕೆ ಹಾಸಿದಳು. ರಾಶಿಯನ್ನು ಒಡೆದು, ಬಿಸಿಯಾದ ಎಲೆಯನ್ನು ಬೇರೆ ತೆಗೆದು ತೆಳ್ಳಗೆ ಹರಡುತ್ತ, ನೋಯುವ ಮಂಡಿಯಲ್ಲೇ ಮಂಚದಿಂದ ಗೋಡೆಯ ತನಕ ತೆವಳಿದಳು. ಅರ್ಧ ಮುಗಿದಾಗ ತಾನೇನು ಮಾಡುತ್ತಿದ್ದೇನೆ ಎಂದು ಅವಳಿಗೆ ಪೂರ್ತಿಯಾಗಿ ಅರಿವಾಯಿತು. ಅಲ್ಲಿ ಅವರನ್ನು ಮಣ್ಣಿಗಿಡುತ್ತಿದ್ದಾರೆ. ತಾನಿಲ್ಲಿ ಎಲೆ ತಿರುವುತ್ತಿದ್ದೇನೆ. ಅವಳಿಗೆ ಸಿಟ್ಟು ಬಂತು. ಅವರ ಮೇಲೆ, ದೊಡ್ಡಕ್ಕನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬಾಯಿಯ ಮೇಲೆ. ಸಿಟ್ಟಿನಲ್ಲೇ ಎದ್ದು ಕಿಟಕಿಯ ಪರದೆ ಎಳೆದಳು, ಚಿಲಕ ಜಗ್ಗಿದಳು. ತುಕ್ಕು ಹಿಡಿದ ಚಿಲಕ ಕದಲಲಿಲ್ಲ. ಅಡುಗೆಮನೆಯಿಂದ ಗುಂಡುಕಲ್ಲು ತಂದು ಕುಟ್ಟಿದಳು. ಕಿಟಕಿಯ ಬಾಗಿಲು ಕಿರ್ರೆಂದು ಒಳಕ್ಕೆ ತೆರೆಯಿತು.

ಬೆಳಕು ಬರಲಿಲ್ಲ. ಸರಳುಗಳಾಚೆ ಬರೀ ಎಲೆ. ಅವರು ನೆಟ್ಟ ಸಸಿ ಗೋಡೆಯಷ್ಟು ದಟ್ಟವಾಗಿ ಬೆಳೆದು, ಕೊಂಬೆಗಳು ಸರಳಿಗೆ ಒತ್ತಿ ನಿಂತಿದ್ದವು. ಒಂದು ರೆಂಬೆ ಸರಳನ್ನು ಸುತ್ತಿ ದಪ್ಪವಾಗಿ ಅದನ್ನೇ ನುಂಗಿತ್ತು. ಅವಳು ಸರಳಿಗೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹಿತ್ತಿಲಲ್ಲಿ ನಿನ್ನೆಯಿಂದ ಬೇಲಿಯ ಬುಡದಲ್ಲಿ ಬಿದ್ದಿದ್ದ ಗಿಡದ ಕತ್ತರಿ ಎತ್ತಿಕೊಂಡು ಬಂದು, ಸರಳಿನ ಸಂದಿಯಲ್ಲಿ ಕೈ ತೂರಿಸಿ, ಕೈಗೆ ಎಟುಕಿದ ಕೊಂಬೆಯನ್ನೆಲ್ಲ ಕತ್ತರಿಸಿದಳು. ಕೈ ತರಚಿತು. ಎಟುಕಿದ್ದು ಸ್ವಲ್ಪವೇ. ಆದರೂ ಕೊನೆಗೆ ಒಂದು ಕಿಂಡಿಯಾಯಿತು, ಅದರಿಂದ ಮಧ್ಯಾಹ್ನದ ಬಿಸಿಲು ತಟ್ಟೆಯಗಲಕ್ಕೆ ನೆಲದ ಮೇಲೆ ಬಿತ್ತು. ಬಿದ್ದದ್ದು ಎಲೆಯ ಮೇಲೆ.

ಅವಳು ಬಿಸಿಲನ್ನು ನೋಡಿದಳು, ಎಲೆಯನ್ನು ನೋಡಿದಳು. ಬಾಗಿ ಆ ಬೆಳಕಿನಡಿಯ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬರಿದಾದ ಜಾಗದಲ್ಲಿ ತಾನು ಕೂತಳು. ಮಡಿಲು ಬೆಚ್ಚಗಾಯಿತು. ಹೊತ್ತು ಇಳಿದ ಹಾಗೆ ಬಿಸಿಲು ಕಿಟಕಿಯಿಂದ ದೂರ ಸರಿಯಿತು. ಅವಳೂ ಮುಂದಿನ ಎಲೆ ಬಾಚಿ, ಹಿಂದಿನ ಜಾಗಕ್ಕೆ ಮತ್ತೆ ಎಲೆ ಹರಡಿ, ಬಿಸಿಲಿನ ಹಿಂದೆಯೇ ಸರಿದಳು. ಒಂದು ಎಲೆಗೂ ಬಿಸಿಲು ತಾಗಲಿಲ್ಲ.

ಗಾಡಿಗಳು ಮರಳಿದವು. ಬೀದಿಯ ನಲ್ಲಿಯಲ್ಲಿ ಕಾಲು ತೊಳೆಯುವ ಸದ್ದು, ಚಪ್ಪಲಿ ಬಿಡುವ ಸದ್ದು. ಶಿಷ್ಯೆ ಓಡಿಬಂದು ಕೋಣೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ಕಿಟಕಿ..."

"ಎಲೆ ನೆರಳಲ್ಲೇ ಇದೆ. ನೋಡ್ಕೋ."

ಹುಡುಗಿ ನೋಡಿದಳು. ಎಲೆ ನೆರಳಲ್ಲೇ ಇತ್ತು. ಬಿಸಿಲು ಆಗಲೇ ನೆಲ ಬಿಟ್ಟು ಎದುರಿನ ಗೋಡೆ ಹತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಅದು ಬಿದ್ದಲ್ಲಿ ಮುಖವಿಟ್ಟು ನಿಂತಿದ್ದಳು.

"ಸಂಜೆ ಆಯ್ತು, ಆ ಕಿಟಕಿ ಮುಚ್ಚೇ" ಎಂದು ಹಾಲ್‌ನಿಂದ ದೊಡ್ಡಕ್ಕ ಕೂಗಿದರು.

ಬಿಸಿಲು ಅವಳ ಗಲ್ಲ ದಾಟಿ ಹಣೆಗೆ ಬಂದಿತ್ತು. ಹಣೆಯಿಂದ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಅವಳು ಗೋಡೆಗೆ ಎರಡೂ ಅಂಗೈ ಊರಿ, ನೋಯುವ ಮಂಡಿಗಳನ್ನು ನೆಟ್ಟಗೆ ಮಾಡಿ, ಕಾಲ್ಬೆರಳ ಮೇಲೆ ನಿಂತಳು.